ಆಕ್ಸ್‌ಫರ್ಡಿನ ನೈಋತ್ಯ ದೋಷ

ದಕ್ಷಿಣ ದಿಕ್ಕನ್ನು ಮೇಲಕ್ಕಿಟ್ಟು ಕೆತ್ತಿದ ಊರಿನ ನಕ್ಷೆಯೊಂದು ಮುಂದೊಂದು ಕಾಲಕ್ಕೆ ತುಮಕೂರಿನ ಎಸ್.ಎಸ್. ಪುರಂಗೆ ಬಂದರೆ ಎಷ್ಟು ಜನರ ನೆಮ್ಮದಿ ಕೆಡಬಹುದೆಂದು ಡೇವಿಡ್ ಲಾಗನ್ ಖಂಡಿತ ಯೋಚಿಸಿರಲಾರ. ಈಗ ಪೋಲೆಂಡಿಗೆ ಸೇರಿರುವ ಗ್ದಾನ್ಸ್ಕ್ ನಗರದಲ್ಲಿ ಹುಟ್ಟಿ, 1669ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕೆತ್ತನೆಗಾರನಾಗಿ ನೇಮಕಗೊಂಡ ಈ ಪುಣ್ಯಾತ್ಮ, 1675ರಲ್ಲಿ ಹೊರತಂದ ‘ಆಕ್ಸೋನಿಯಾ ಇಲ್ಲಸ್ಟ್ರಾಟಾ’ ಎಂಬ ಚಿತ್ರಸಂಪುಟದಲ್ಲಿ ಇಡೀ ಊರನ್ನು ಉತ್ತರದ ಆಕಾಶದಿಂದ ದಕ್ಷಿಣಕ್ಕೆ ಮುಖಮಾಡಿ ನೋಡಿದಂತೆ ಕೆತ್ತಿದ್ದಾನೆ. ಅವನಿಗಿಂತ ಸುಮಾರು ನೂರು ವರ್ಷ ಮೊದಲು, 1578ರಲ್ಲಿ ಊರನ್ನು ಅಳೆದಿದ್ದ ರಾಲ್ಫ್ ಆಗಾಸ್ ಕೂಡ ದಕ್ಷಿಣವನ್ನೇ ಮೇಲಿಟ್ಟಿದ್ದ. ಹೀಗಾಗಿ ಊರಿನ ಪೂರ್ವಕ್ಕಿರುವ ಚರ್ವೆಲ್ ನದಿ ನಕ್ಷೆಯಲ್ಲಿ ಎಡಗಡೆ ಹರಿಯುತ್ತದೆ, ಪಶ್ಚಿಮದಿಂದ ಬಳಸಿ ಬರುವ ಥೇಮ್ಸ್ ಬಲಗಡೆ ಹರಿಯುತ್ತದೆ.

ಈ ನಕ್ಷೆಯ ಪ್ರತಿಯೊಂದನ್ನು ಆಕ್ಸ್‌ಫರ್ಡಿನಿಂದ ತಂದುಕೊಟ್ಟವನು ನನ್ನ ತಂಗಿಯ ಮಗ. ರಟ್ಟಿನ ಕೊಳವೆಯಲ್ಲಿ ಸುರುಳಿಯಾಗಿ ಪ್ರಯಾಣ ಮಾಡಿದ ಕಾಗದವು ಹೊರಗೆ ಬಂದ ಮೇಲೂ ತನ್ನ ಚಾಳಿಯನ್ನು ಬಿಡಲಿಲ್ಲ. ಊಟದ ಮೇಜಿನ ಮೇಲೆ ಹರಡಿ, ಮೂರು ಮೂಲೆಗಳ ಮೇಲೆ ನಿಘಂಟು, ಇಸ್ತ್ರಿಪೆಟ್ಟಿಗೆ ಮತ್ತು ಕುಟ್ಟಾಣಿಯನ್ನು ಹೇರಿದ್ದಾಯಿತು. ಕೆಳಗಿನ ಎಡ ಮೂಲೆಗೆ ಏನೂ ಉಳಿಯದಿದ್ದುದರಿಂದ ನನ್ನ ಶ್ರೀಮತಿ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ತಂದಿಟ್ಟಳು. ಬೆಳಿಗ್ಗೆ ಭರಣಿಯನ್ನು ಎತ್ತಿದಾಗ ಅದರ ತಳದ ಎಣ್ಣೆ ಬಳೆಯಷ್ಟು ಅಗಲಕ್ಕೆ ಕಾಗದಕ್ಕಿಳಿದು, ನಡುವೆ ಅರಿಸಿನದ ತೆಳುವಾದ ಛಾಯೆಯೂ ಅಂಚಿನಲ್ಲಿ ಒಂದು ಸಾಸಿವೆಯ ಸಿಪ್ಪೆಯೂ ನಿಂತಿದ್ದವು. “ಹಳೇ ಕಾಲದ ನಕ್ಷೆ ಅಲ್ಲವೇನ್ರೀ, ಒಂದು ಕಲೆಯಾದರೂ ಇಲ್ಲದಿದ್ದರೆ ಯಾರು ನಂಬುತ್ತಾರೆ?” ಎಂದು ಅವಳು ಭರಣಿಯನ್ನು ಒರೆಸಿಕೊಂಡು ಒಳಗೆ ನಡೆದಳು.

ಅದೇ ದಿನ ನಮ್ಮ ಷಡ್ಡಕರು ಬಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ವಾಸ್ತುವನ್ನು ಹಚ್ಚಿಕೊಂಡಿರುವ ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ದಿಕ್ಸೂಚಿ ಇದ್ದೇ ಇರುತ್ತದೆ. ನಕ್ಷೆಯಲ್ಲಿ ಮೇಲಿರುವುದು ದಕ್ಷಿಣವೆಂದು ತಿಳಿದಾಗ ಅವರ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಾರಿಯಲ್ಲೇ ನಿಂತಿತು. “ಯಮನ ದಿಕ್ಕನ್ನು ತಲೆಯ ಮೇಲೆ ಹೊತ್ತ ಪಟವನ್ನು ಹಾಲ್‌ನಲ್ಲಿ ತೂಗುಹಾಕುತ್ತೀರಾ?” ಎಂದು ಕೇಳಿ, ಕನ್ನಡಕವನ್ನು ಒರೆಸಿಕೊಂಡು, ಊರಿನ ಸಮಗ್ರ ತಪಾಸಣೆಗೆ ಕುಳಿತರು. ಪೂರ್ವದ ನದಿಗೆ ಅವರ ಆಕ್ಷೇಪವಿರಲಿಲ್ಲ. ಆದರೆ ಥೇಮ್ಸ್ ನದಿ ಪಶ್ಚಿಮದಿಂದ ದಕ್ಷಿಣಕ್ಕೆ ಬಳಸಿ ಹರಿದು, ಭಾರವಾಗಿಯೂ ಎತ್ತರವಾಗಿಯೂ ಇರಬೇಕಾದ ನೈಋತ್ಯವನ್ನು ಪೂರ್ತಿ ನೀರುಪಾಲು ಮಾಡಿರುವುದನ್ನು ಕಂಡು, ಇಂಥ ಊರಿಗೆ ವಿದ್ಯೆ ಹತ್ತುವುದು ಬಹಳ ಕಷ್ಟವೆಂದು ತೀರ್ಪಿತ್ತರು.

ನಮ್ಮ ಕೈದಾಳದ ಚೆನ್ನಕೇಶವ ದೇವಾಲಯ ಎದ್ದದ್ದು 12ನೆಯ ಶತಮಾನದಲ್ಲಿ, ಅದಕ್ಕೂ ಮೊದಲೇ, 1096ರ ಹೊತ್ತಿಗೇ ಆಕ್ಸ್‌ಫರ್ಡಿನಲ್ಲಿ ಪಾಠಪ್ರವಚನ ನಡೆಯುತ್ತಿತ್ತು, 1167ರಲ್ಲಿ ದೊರೆ ಎರಡನೆಯ ಹೆನ್ರಿ ಇಂಗ್ಲಿಷ್ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗದಂತೆ ತಡೆದ ಮೇಲಂತೂ ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಭರದಿಂದ ಬೆಳೆಯಿತು ಎಂದು ನಾನು ವಿನಯದಿಂದಲೇ ನೆನಪಿಸಿದೆ. ಷಡ್ಡಕರು ಒಂದು ಕ್ಷಣವೂ ತಬ್ಬಿಬ್ಬಾಗಲಿಲ್ಲ. ಬೆರಳನ್ನು ನಕ್ಷೆಯ ಕೆಳಗಿನ ಎಡ ಮೂಲೆಗೆ ಜಾರಿಸಿ, ಎಣ್ಣೆಯ ಉಂಗುರದ ಸುತ್ತ ಒಮ್ಮೆ ಪ್ರದಕ್ಷಿಣೆ ಹಾಕಿಸಿ, “ನೋಡಿ, ಈಶಾನ್ಯದಲ್ಲಿ ಎಂಥ ಲಕ್ಷಣವಾದ ಕೆರೆ! ನಮ್ಮ ಅಮಾನಿಕೆರೆಯ ಹಾಗೆ ತುಂಬಿಕೊಂಡಿದೆ. ಊರು ಉಳಿದಿರುವುದೇ ಇದರಿಂದ” ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ತಟ್ಟನೆ ನಿಂತಿತು. ನಾನು ಕೆರೆಯ ಮೂಲವನ್ನು ಬಯಲಿಗೆಳೆಯಲು ಹೋಗಲಿಲ್ಲ.

ಟೌನ್‌ಹಾಲ್ ಬಳಿಯ ಸಂದಿಯೊಂದರಲ್ಲಿ ದೇವರ ಪಟಗಳಿಗೂ ದಿವಂಗತರ ಭಾವಚಿತ್ರಗಳಿಗೂ ಫ್ರೇಮ್ ಹಾಕುವ ಅಂಗಡಿಗೆ ನಕ್ಷೆಯನ್ನು ಕೊಟ್ಟೆವು. ಬಂಗಾರದ ಬಣ್ಣದ ಬೀಡಿಂಗ್ ಆಯ್ಕೆಯಾದ ಮೇಲೆ ಅಂಗಡಿಯವರು, ಸುತ್ತ ಸೀರಿಯಲ್ ಲೈಟ್ ಬೇಕೇ ಎಂದು ಕೇಳಿದರು. ಬೇಡವೆಂದಾಗ, ತೀರಿಕೊಂಡವರದೇ ಇರಬೇಕೆಂದು ಭಾವಿಸಿ ದನಿ ತಗ್ಗಿಸಿದರು. ಪಟವನ್ನು ಬಿಡಿಸಿಕೊಂಡು ಬರುವ ಹೊಣೆಯನ್ನು ಷಡ್ಡಕರು ತಾವಾಗಿಯೇ ಹೊತ್ತುಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಅವರು ಕೊಕ್ಕೆಯನ್ನು ಉತ್ತರದ ಕಡೆಗೆ ಹಾಕಿಸಿದ್ದರು. ಬರೀ ರಸ್ತೆಗಳ ನಕ್ಷೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಲಾಗನ್ ಒಂದೊಂದು ಕಟ್ಟಡವನ್ನೂ ಮರವನ್ನೂ ನಿಂತಂತೆ ಚಿತ್ರಿಸಿರುವುದರಿಂದ ಮ್ಯಾಗ್ಡಲೆನ್ ಕಾಲೇಜಿನ ಗೋಪುರದಿಂದ ಹಿಡಿದು ಸಸ್ಯೋದ್ಯಾನದ ಗಿಡಗಳವರೆಗೆ ಸಮಸ್ತವೂ ಹಾಲ್‌ನ ಗೋಡೆಯಲ್ಲಿ ಬಾವಲಿಗಳಂತೆ ಜೋತುಬಿದ್ದವು.

ನಮ್ಮ ಬೀದಿಯ ನಿವೃತ್ತ ಪ್ರಾಧ್ಯಾಪಕರೊಬ್ಬರು, ಇಂಗ್ಲೆಂಡ್ ಪ್ರವಾಸ ಮಾಡಿ ಬಂದವರು, ಕತ್ತನ್ನು ಪೂರ್ತಿ ವಾಲಿಸಿಕೊಂಡು ನಕ್ಷೆಯನ್ನು ನೋಡಿ, ರ‍್ಯಾಡ್‌ಕ್ಲಿಫ್ ಕ್ಯಾಮೆರಾದ ಪ್ರಸಿದ್ಧ ಗುಮ್ಮಟ ಎಲ್ಲಿಯೂ ಇಲ್ಲವಾದ್ದರಿಂದ ಇದು ನಕಲಿ ಎಂದು ಸಾರಿದರು. ಆ ಗುಮ್ಮಟ ಕಟ್ಟಿದ್ದು 1737ರಿಂದ 1749ರ ನಡುವೆ. ನಕ್ಷೆಯಲ್ಲಿ ಅದು ಇದ್ದಿದ್ದರೇ ಅನುಮಾನ ಪಡಬೇಕಾಗಿತ್ತು. ನಕಲೆಂಬುದೇನೋ ನಿಜ, ಕಾರಣ ಮಾತ್ರ ಬೇರೆ. ತಾಮ್ರದ ಫಲಕದ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದವನ್ನು ಅದರ ಮೇಲಿಟ್ಟು ಉರುಳೆಯಲ್ಲಿ ಒತ್ತಿದ ಮೂಲಪ್ರತಿಯಾದರೆ ಫಲಕದ ಅಂಚು ಕಾಗದದಲ್ಲಿ ತಗ್ಗಾಗಿ ಮೂಡಿರುತ್ತದೆ, ಬೆರಳಿಗೆ ಸಿಗುತ್ತದೆ; ಇದರಲ್ಲಿ ಬೆರಳಿಗೆ ಸಿಗುವುದು ಸಾಸಿವೆಯ ಸಿಪ್ಪೆಯೊಂದೇ. ಭೂತಗನ್ನಡಿ ಹಿಡಿದರೆ ಯಂತ್ರದ ಮುದ್ರಣದ ಬಣ್ಣದ ಚುಕ್ಕೆಗಳೂ ಕಾಣುತ್ತವೆ.

ಪಟ ಹಾಗೆಯೇ ಜೋತಾಡುತ್ತ ಉಳಿಯುತ್ತಿತ್ತೋ ಏನೋ, ಅಷ್ಟರಲ್ಲಿ ಷಡ್ಡಕರ ಮೊಮ್ಮಗಳು ಮೇಲ್ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೇ ಅರ್ಜಿ ಹಾಕಿದಳು. ಸಂಜೆಯೇ ಮನೆಗೆ ಬಂದ ಅವರು ಚಪ್ಪಲಿ ಬಿಡುವ ಮೊದಲೇ, “ಕಾಲೇಜುಗಳನ್ನೆಲ್ಲ ತಲೆಕೆಳಗು ಮಾಡಿ ನೇತುಹಾಕಿದರೆ ಮಗುವಿಗೆ ಸೀಟು ಹೇಗೆ ಸಿಗುತ್ತದೆ ಭಾವ? ಮೊದಲು ತಿರುಗಿಸಿ” ಎಂದರು. ಯಮನ ಪ್ರಶ್ನೆಯನ್ನು ನಾನು ಎತ್ತಿದೆ. ಅವನು ಆ ದೇಶದಲ್ಲಿ ಅಷ್ಟು ಓಡಾಡುವುದಿಲ್ಲವೆಂಬ ಉತ್ತರ ಬಂತು.

ಮರುದಿನ ಪಟವನ್ನು ಕಂಕುಳಲ್ಲಿ ಹಿಡಿದು ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವರು ನಮ್ಮ ಮುಖಗಳನ್ನೂ ಪಟವನ್ನೂ ಒಂದು ಸುತ್ತು ನೋಡಿ, ಹಳೆಯ ಕೊಕ್ಕೆಯನ್ನು ತೆಗೆಯದೆ, ಎದುರಿನ ಅಂಚಿಗೂ ಇನ್ನೊಂದನ್ನು ಬಡಿದುಕೊಟ್ಟರು. “ಇಟ್ಟುಕೊಳ್ಳಿ ಸಾರ್, ರಿಸಲ್ಟ್ ನೋಡಿಕೊಂಡು ತಿರುಗಿಸಿಕೊಳ್ಳಬಹುದು” ಎಂದು ಹೇಳಿ ಎರಡು ಕೊಕ್ಕೆಗಳ ದುಡ್ಡನ್ನೂ ತೆಗೆದುಕೊಂಡರು.