ಮೋಸ ಹೋದವರನ್ನು ಬೈಯುವ ಮುನ್ನ

ಯಾರಾದರೂ ಹಣ ಕಳೆದುಕೊಂಡು ಬಂದು ಗೋಳು ತೋಡಿಕೊಂಡರೆ, ಸುತ್ತಲಿನವರು ಮೊದಲು ಕೇಳುವುದೇ ‘ಅಷ್ಟೂ ಗೊತ್ತಾಗಲಿಲ್ಲವೇ ನಿಮಗೆ?’ ಎಂದು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏನೇನು ಗೊತ್ತಿತ್ತು ಎಂದು ಮೊದಲು ಕೇಳಬೇಕಾದದ್ದು ನಂಬಿಸಿದವನನ್ನು. ಕಾನೂನು ಕೂಡ ಅಲ್ಲಿಂದಲೇ ಶುರುಮಾಡುತ್ತದೆ.

1889ರ ಡೆರ್ರಿ ವಿರುದ್ಧ ಪೀಕ್ ಪ್ರಕರಣವನ್ನೇ ನೋಡಿ. ಇಂಗ್ಲೆಂಡಿನ ಟ್ರಾಮ್ ಕಂಪನಿಯೊಂದು, ಉಗಿಯಂತ್ರದಿಂದ ಗಾಡಿ ಓಡಿಸುವ ಹಕ್ಕು ತನಗಿದೆ ಎಂದು ಪ್ರಕಟಿಸಿ ಷೇರು ಮಾರಿತು. ಅದಕ್ಕೆ ಬೇಕಿದ್ದ ಸರ್ಕಾರಿ ಒಪ್ಪಿಗೆ ಬಹುಪಾಲು ಸಿಗಲೇ ಇಲ್ಲ, ಕಂಪನಿ ಮುಚ್ಚಿತು. ಆದರೂ ನಿರ್ದೇಶಕರು ವಂಚಕರಲ್ಲ ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಒಪ್ಪಿಗೆ ಸಿಕ್ಕೇ ಸಿಗುತ್ತದೆಂದು ಅವರು ಮನಸಾರೆ ನಂಬಿದ್ದರು. ಸುಳ್ಳೆಂದು ತಿಳಿದೂ ಹೇಳಿದರೆ, ನಿಜವೆಂಬ ನಂಬಿಕೆಯಿಲ್ಲದೆ ಹೇಳಿದರೆ, ಅಥವಾ ನಿಜವೋ ಸುಳ್ಳೋ ಏನಾದರಾಗಲಿ ಎಂಬ ಉಡಾಫೆಯಿಂದ ಹೇಳಿದರೆ ಮಾತ್ರ ಅದು ವಂಚನೆ. ದುಡ್ಡು ಹಾಕಿದವನಿಗೆ ಈ ತೀರ್ಪು ಕಹಿಯೇ. ಆದರೂ ನಾನಿದನ್ನು ಒಪ್ಪುತ್ತೇನೆ. ಇಲ್ಲವಾದರೆ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಪ್ರತಿಯೊಬ್ಬನೂ ಅಪರಾಧಿಯಾಗುತ್ತಾನೆ.

ನಮ್ಮ 1872ರ ಕರಾರು ಕಾಯಿದೆಯ 17ನೆಯ ಕಲಮು ಸುಳ್ಳಿನ ಜೊತೆಗೆ ಇನ್ನೂ ಕೆಲವನ್ನು ಸೇರಿಸುತ್ತದೆ: ಗೊತ್ತಿದ್ದ ಸಂಗತಿಯನ್ನು ಬೇಕೆಂದೇ ಮರೆಮಾಚುವುದು, ನಡೆಸಿಕೊಡುವ ಉದ್ದೇಶವೇ ಇಲ್ಲದೆ ಮಾತು ಕೊಡುವುದು. ಮಾತು ಕೊಟ್ಟ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂಬುದೇ ಇಲ್ಲಿ ಮುಖ್ಯ. ಕೊಟ್ಟ ಮೇಲೆ ಕಷ್ಟಕ್ಕೆ ಸಿಕ್ಕಿ ತಪ್ಪಿದವನ ಕಥೆ ಬೇರೆ.

ಮೌನದ ಬಗ್ಗೆ ಆ ಕಾಯಿದೆಯೇ ಒಂದು ಕುದುರೆಯ ಉದಾಹರಣೆ ಕೊಡುತ್ತದೆ. ದೋಷವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ ವಂಚನೆಯಲ್ಲ. ಕೊಳ್ಳುವವಳು ಆಗತಾನೇ ವಯಸ್ಕಳಾದ ಅವನ ಮಗಳಾಗಿದ್ದರೆ, ಹೇಳುವುದು ಅವನ ಕರ್ತವ್ಯ. ‘ನೀವು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದುಕೊಳ್ಳುತ್ತೇನೆ’ ಎಂದು ಕೊಳ್ಳುವವನು ಹೇಳಿದ ಮೇಲೂ ಬಾಯಿ ಬಿಡದಿದ್ದರೆ, ಆ ಮೌನವೇ ಮಾತು. ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಬಗ್ಗೆ ನನಗೆ ಗೌರವವಿದೆ.

ನನ್ನ ತಕರಾರು 19ನೆಯ ಕಲಮಿನ ವಿನಾಯಿತಿಯೊಂದರ ಬಗ್ಗೆ. ಮೌನದಿಂದ ವಂಚಿಸಿದ್ದರೂ, ಸಾಧಾರಣ ಎಚ್ಚರ ವಹಿಸಿದ್ದರೆ ನಿಜ ತಿಳಿಯಬಹುದಿತ್ತು ಎಂದಾದರೆ ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ‘ಗೊತ್ತಾಗಲಿಲ್ಲವೇ?’ ಎಂಬ ಅದೇ ಪ್ರಶ್ನೆ ಇಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದಿದೆ. ಬಾಯಿಬಿಟ್ಟು ಸುಳ್ಳು ಹೇಳಿ ವಂಚಿಸಿದವನಿಗೆ ಸಿಗದ ಈ ರಕ್ಷಣೆ, ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ವಂಚಿಸಿದವನಿಗೆ ಏಕೆ ಸಿಗಬೇಕು?