ಮೊದಲ ಮೂರು ತಿಂಗಳು ಯಾರಿಗೂ ಹೇಳಬಾರದೇ?

ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದು, ಮದುವೆಯಾದ ಮೇಲೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ನನಗೆ ಬಸುರಿ ಹೆಂಗಸನ್ನು ನೋಡಿಕೊಳ್ಳುವ ಎರಡು ರೀತಿಗಳು ಹತ್ತಿರದಿಂದ ಗೊತ್ತು. ನನ್ನ ಬಸುರಿನ ದಿನಗಳು ಬಹುಪಾಲು ಇಲ್ಲಿ ಕಳೆದವು, ತಂಗಿಯದು ಊರಿನಲ್ಲಿ. ಬಸುರಿಗೆ ಉಣ್ಣಿಸುವುದರಲ್ಲಿ ನಮ್ಮ ಉತ್ತರ ಕನ್ನಡದ ಮನೆಗಳಿಗೆ ಸಾಟಿಯಿಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಆ ಅಕ್ಕರೆಯೆಲ್ಲ ಏಳನೆಯ ತಿಂಗಳ ಸೀಮಂತಕ್ಕೆ, ಬಯಕೆ ಊಟಕ್ಕೆ ಒಟ್ಟಾಗಿ ಬರುತ್ತದೆ, ಅಷ್ಟು ಹೊತ್ತಿಗೆ ಬಸುರಿಯ ಅತಿ ಕಷ್ಟದ ದಿನಗಳು ಮುಗಿದುಹೋಗಿರುತ್ತವೆ. ಮೊದಲ ಮೂರು ತಿಂಗಳು ಯಾರಿಗೂ ಹೇಳಬಾರದೆಂಬ ನಮ್ಮ ಕಟ್ಟುಪಾಡು, ಆಸರೆ ತೀರಾ ಬೇಕಾದ ದಿನಗಳಲ್ಲೇ ಅವಳನ್ನು ಒಂಟಿ ಮಾಡುತ್ತದೆ ಎಂಬುದು ನನ್ನ ಅನಿಸಿಕೆ, ಮತ್ತು ಇದನ್ನು ಬದಲಿಸಲು ನಮಗೆ ಹೊರಗಿನವರ ಪಾಠವೇನೂ ಬೇಕಿಲ್ಲ.

ಬಸುರಿಯರಲ್ಲಿ ಹತ್ತಕ್ಕೆ ಏಳೆಂಟು ಮಂದಿಗೆ ಓಕರಿಕೆ ಅಥವಾ ವಾಂತಿ ಕಾಡುತ್ತದೆ. ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ಶುರುವಾಗಿ, ಒಂಬತ್ತನೆಯ ವಾರದ ಹೊತ್ತಿಗೆ ತೀರಾ ಹೆಚ್ಚಾಗಿ, ಹದಿನಾರು ಇಪ್ಪತ್ತು ವಾರಗಳೊಳಗೆ ಹೆಚ್ಚಿನವರಲ್ಲಿ ಇಳಿದುಹೋಗುತ್ತದೆ. ಅಂದರೆ ಬಾಯಿ ಬಿಡಬಾರದೆಂದು ನಾವು ಹೇಳುವ ತಿಂಗಳುಗಳೂ ಹೊಟ್ಟೆಯೊಳಗೆ ನೀರೂ ನಿಲ್ಲದ ತಿಂಗಳುಗಳೂ ಒಂದೇ. ಇದನ್ನು ಮನಸ್ಸಿನ ದೌರ್ಬಲ್ಯ, ಕೆಲಸ ತಪ್ಪಿಸುವ ನೆಪ ಎಂದು ಕಾಣುವವರು ಇನ್ನೂ ಇದ್ದಾರೆ. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಭ್ರೂಣ ಮತ್ತು ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಈ ವಾಂತಿಗೆ ಮುಖ್ಯ ಕಾರಣವೆಂದೂ, ಬಸುರಿಗೆ ಮುಂಚೆ ಅದರ ಪ್ರಮಾಣ ಕಡಿಮೆಯಿದ್ದವರಿಗೆ ಒಮ್ಮೆಲೇ ಏರಿದಾಗ ತೊಂದರೆ ಹೆಚ್ಚೆಂದೂ ತೋರಿಸಿತು. ಒಂದೇ ಮನೆಯ ಇಬ್ಬರು ಸೊಸೆಯರಲ್ಲಿ ಒಬ್ಬಳು ಓಡಾಡಿಕೊಂಡಿದ್ದು, ಇನ್ನೊಬ್ಬಳು ಏಳಲಾರದೆ ಮಲಗಿದರೆ, ಅದರಲ್ಲಿ ಗಟ್ಟಿ ಹೆಂಗಸು, ನಾಜೂಕಿನ ಹೆಂಗಸು ಎಂಬ ಲೆಕ್ಕವಿಲ್ಲ.

ತಂಗಿಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಸಾಕು, ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಮಳೆಗಾಲವಾದ್ದರಿಂದ ಬಚ್ಚಲಿನವರೆಗಿನ ಪಾವಟಿಗೆಯೆಲ್ಲ ಹಾವಸೆ ಹಿಡಿದು ಜಾರುತ್ತಿತ್ತು. ಮನೆಯಲ್ಲಿ ಗೊತ್ತಿದ್ದದ್ದು ಗಂಡನಿಗೂ ಅತ್ತೆಗೂ ಮಾತ್ರ. ಅಂಗಳಕ್ಕೆ ಬಂದ ನೆಂಟರಿಗೆ ಚಹಾ ಮಾಡಬೇಕು, ಹಬ್ಬಕ್ಕೆ ಕಡಬು ಕಟ್ಟಬೇಕು, ಬೇಡವೆಂದರೆ ಕಾರಣ ಹೇಳಬೇಕು, ಕಾರಣ ಹೇಳುವಂತಿಲ್ಲ. ಕುಮಟಾದಲ್ಲಿ ಮದುವೆಯೊಂದಕ್ಕೆ ಹೋಗದಿದ್ದರೆ ಜನ ಏನಾದರೂ ಅಂದುಕೊಂಡಾರು ಎಂದು ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಲಿಂಬೆ ಎಲೆ ಮೂಸುತ್ತಾ ಇಳಿದಳು. ಅತ್ತೆ ಕೆಟ್ಟವರಲ್ಲ. ಏಳನೆಯ ತಿಂಗಳಲ್ಲಿ ಅದೇ ಅತ್ತೆ ದಿನಕ್ಕೊಂದು ಬಗೆ ಮಾಡಿ ಉಣ್ಣಿಸಿದರು. ಅಡ್ಡ ಬಂದದ್ದು ಕಟ್ಟುಪಾಡು.

ಮುಂಬಯಿಯ ಲೋಕಲ್ ರೈಲಿನಲ್ಲಿ ಮುಚ್ಚಿಡುವುದಕ್ಕೆ ಆಸ್ಪದವೇ ಇಲ್ಲ. ಬೆಳಗಿನ ಹೊತ್ತು ಮಹಿಳೆಯರ ಡಬ್ಬಿಯಲ್ಲಿ ಮೂವರ ಸೀಟಿನ ಅಂಚಿಗೆ ನಾಲ್ಕನೆಯವಳು ಕೂತಿರುತ್ತಾಳೆ, ಅವಳು ಎಲ್ಲಿ ಇಳಿಯುತ್ತಾಳೆಂದು ಕೇಳಿ ಐದನೆಯವಳು ಕಾದು ನಿಂತಿರುತ್ತಾಳೆ. ಅಲ್ಲಿ ಕೂರಬೇಕಾದರೆ ಬಾಯಿ ಬಿಟ್ಟು ಹೇಳಲೇಬೇಕು. ನನಗೆ ಕಣ್ಣು ಕತ್ತಲೆ ಬಂದ ದಿನ ಎದುರಿಗಿದ್ದ ಹಿರಿಯ ಹೆಂಗಸೊಬ್ಬರು ಮರಾಠಿಯಲ್ಲಿ ‘ಕಿತವಾ ಮಹಿನಾ?’ ಎಂದು ಕೇಳಿದರು. ಎರಡನೆಯದೆಂದೆ. ಅವರು ಎದ್ದು ನನ್ನನ್ನು ಕೂರಿಸಿ, ಚೀಲದಿಂದ ಆವಳಾ ಸುಪಾರಿಯ ಪುಟ್ಟ ಡಬ್ಬಿ ತೆಗೆದು, ಒಣಗಿದ ನೆಲ್ಲಿಕಾಯಿಯ ಎರಡು ಚೂರನ್ನು ಅಂಗೈಗೆ ಹಾಕಿದರು. ಮರುದಿನದಿಂದ ಡಬ್ಬಿಯ ಗುಂಪಿಗೆಲ್ಲ ವಿಷಯ ಗೊತ್ತು. ಮೊದಲು ಹತ್ತಿದವಳು ನನಗೊಂದು ಜಾಗ ಹಿಡಿದಿಟ್ಟಳು. ದಾದರಿನಲ್ಲಿ ಇಳಿಯುವಾಗ ಜನರ ನೂಕು ಹೊಟ್ಟೆಗೆ ತಾಗದಂತೆ ಒಬ್ಬಳು ಮುಂದೆ, ಒಬ್ಬಳು ಹಿಂದೆ ನಿಂತರು. ಅಂಗವಿಕಲರಿಗೆ ಮೀಸಲಾದ ಡಬ್ಬಿಯಲ್ಲಿ ಬಸುರಿಯರಿಗೂ ಪ್ರವೇಶವಿದೆ ಎಂಬುದನ್ನು ನನಗೆ ಹೇಳಿದ್ದೂ ಇದೇ ಗುಂಪು. ಅವರಲ್ಲಿ ಅನೇಕರ ಪೂರ್ತಿ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ಸಹಾಯಕ್ಕೆ ಜಾತಿ, ಮನೆತನ, ಎಷ್ಟನೆಯ ತಿಂಗಳು ಎಂಬ ಯಾವುದರ ಹಂಗೂ ಇರಲಿಲ್ಲ.

ಹಾಗೆಂದು ಮುಂಬಯಿಯನ್ನು ಹೊಗಳಿ ಊರನ್ನು ತೆಗಳಲು ನಾನು ಸಿದ್ಧಳಿಲ್ಲ. ರೈಲಿನಿಂದ ಇಳಿದ ಮೇಲೆ ಇಲ್ಲಿ ಯಾರೂ ಇಲ್ಲ. ಲೋಕಲ್ಲಿನಲ್ಲಿ ಶೌಚಾಲಯವಿಲ್ಲ, ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕೆನಿಸುವ ಬಸುರಿ, ನೀರು ಕುಡಿಯುವುದನ್ನೇ ಬಿಟ್ಟು ಉರಿಮೂತ್ರ ತಂದುಕೊಳ್ಳುತ್ತಾಳೆ. ಡಬ್ಬಿಯಲ್ಲೇ ಹೂವಿನ ಮಾಲೆ ಕಟ್ಟಿ, ಹಸಿರು ಬಳೆ ತೊಡಿಸಿ ಡೋಹಾಳೆ ಜೇವಣ, ಅಂದರೆ ಮರಾಠಿಯವರ ಬಯಕೆ ಊಟ, ಮಾಡುವ ಅಂದದ ಪದ್ಧತಿಯೊಂದಿಗೆ, ಮುಚ್ಚಿದ ಬಟ್ಟಲು ತೆರೆಸಿ ಪೇಡಾ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು ಎನ್ನುವ ಆಟವೂ ಸೇರಿಕೊಂಡಿದೆ. ಭ್ರೂಣಲಿಂಗ ಪತ್ತೆಯನ್ನು 1994ರಲ್ಲೇ ಕಾನೂನಿನಿಂದ ನಿಷೇಧಿಸಬೇಕಾಗಿ ಬಂದ ದೇಶದಲ್ಲಿ, ಪೇಡಾ ಬಂದಾಗ ಹೆಚ್ಚು ಜೋರಾಗಿ ಏಳುವ ಚಪ್ಪಾಳೆ ನನಗೆ ಸಹಿಸಲಿಲ್ಲ.

ಬಯಕೆಯ ವಿಷಯಕ್ಕೆ ಬಂದರೆ ನನ್ನ ಮನಸ್ಸು ಪೂರ್ತಿಯಾಗಿ ಊರಿನ ಪರ. ಓಕರಿಕೆಯ ನಾಲಿಗೆಗೆ ಏನು ಒಗ್ಗುತ್ತದೆಂಬುದು ನಮ್ಮ ಅಡುಗೆಮನೆಗೆ ತಿಳಿದಷ್ಟು ಇನ್ನೆಲ್ಲಿಯೂ ತಿಳಿದಿಲ್ಲ. ಬೇಯಿಸಿದ ಹುಳಿ ಮಾವಿನಕಾಯಿಯನ್ನು ಹಿಂಡಿ, ಧಾರಾಳ ನೀರು ಬೆರೆಸಿ, ಉಪ್ಪು, ಸೂಜಿಮೆಣಸು, ಇಂಗಿನ ಒಗ್ಗರಣೆ ಹಾಕಿದ ಅಪ್ಪೆಹುಳಿಯನ್ನು ತಣ್ಣಗೆ ಲೋಟದಲ್ಲಿ ಕುಡಿದರೆ, ಅನ್ನ ಸೇರದ ದಿನವೂ ಮೈಗೆ ನೀರು ಮತ್ತು ಉಪ್ಪು ಸೇರುತ್ತದೆ. ಕಾಯಿತುರಿಯೊಂದಿಗೆ ಶುಂಠಿ ಅರೆದು ಮಜ್ಜಿಗೆಯಲ್ಲಿ ಕದಡಿದ ತಂಬುಳಿಯೂ ಹಾಗೆಯೇ. ಸೌಮ್ಯ ಓಕರಿಕೆಗೆ ಶುಂಠಿ ಉಪಯುಕ್ತವೆಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಒಂದೆಲಗದ ತಂಬುಳಿ, ಮುರುಗಲಿನ (ಕೋಕಂ) ಪಾನಕ, ಹಾಸಿಗೆಯಿಂದ ಏಳುವ ಮೊದಲೇ ಕಡಿಯಲು ಸುಟ್ಟ ಹಲಸಿನ ಹಪ್ಪಳ, ಇವೆಲ್ಲ ನಮ್ಮ ಕಡೆ ಕೇಳದೆ ಸಿಗುವ ವಸ್ತುಗಳು. ಡೊಂಬಿವಲಿಯಲ್ಲಿ ಮಾವಿನಕಾಯಿ ಸಿಗುತ್ತದೆ, ಅಪ್ಪೆ ಮಾವಿನ ಪರಿಮಳ ಸಿಗುವುದಿಲ್ಲ. ಮತ್ಸ್ಯಗಂಧ ರೈಲಿನಲ್ಲಿ ಊರಿನವರು ಯಾರು ಬಂದರೂ ಆಯಿ (ನನ್ನ ಅಮ್ಮ) ಒಂದು ಭರಣಿ ಮಿಡಿ ಉಪ್ಪಿನಕಾಯಿ ಕಟ್ಟಿ ಕೊಡುತ್ತಿದ್ದಳು, ಫೋನಿನಲ್ಲಿ ‘ಎಂತ ಬೇಕೇ ತಂಗಿ ನಿಂಗೆ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು.

ನಮ್ಮ ಡಬ್ಬಿಯಲ್ಲೇ ಅಂಕೋಲೆಯವಳೊಬ್ಬಳಿದ್ದಳು. ಅವಳಿಗೆ ಹಂಬಲ ತೆಪ್ಪಲವೆಂಬ ಸಾಂಬಾರ ಕಾಯಿ ಹಾಕಿದ ಬಂಗಡೆ ಸಾರು, ಕುಚಲಕ್ಕಿ ಅನ್ನ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲೇ ಅವಳ ಬಯಕೆ ಜೋರಾಗಿದ್ದರಿಂದ, ತವರಿನಿಂದ ಒಣ ಶೆಟ್ಲಿ (ಸಿಗಡಿ) ಬಂತು. ಬಂಗಡೆ, ತಾರ್ಲೆಯಂಥ ಸಣ್ಣ ಮೀನುಗಳಲ್ಲಿ ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3 ಕೊಬ್ಬು ಚೆನ್ನಾಗಿದ್ದು ಪಾದರಸ ಕಡಿಮೆ. ಬಸುರಿಯರು ದೂರವಿಡಬೇಕಾದದ್ದು ಮೋರಿಯಂಥ (ಶಾರ್ಕ್) ದೊಡ್ಡ ಬೇಟೆ ಮೀನುಗಳನ್ನು. ಕರಾವಳಿಯ ಬಡ ಮನೆಯ ಊಟವೇ ಇಲ್ಲಿ ಒಳ್ಳೆಯ ಊಟ.

ಆದರೆ ಬಯಕೆಗಳೆಲ್ಲ ಒಂದೇ ಅಲ್ಲ. ಮಣ್ಣು, ಸುಣ್ಣ, ಬಳಪ, ಹಸಿ ಅಕ್ಕಿ ತಿನ್ನಬೇಕೆಂಬ ಹಂಬಲವನ್ನು ನಮ್ಮ ಕಡೆ ನಗುತ್ತಾ ಹೇಳಿಕೊಳ್ಳುತ್ತಾರೆ; ಅದು ಅನೇಕ ಬಾರಿ ಕಬ್ಬಿಣದ ಕೊರತೆಯೊಂದಿಗೆ ಬರುವ ಲಕ್ಷಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣದ ಮಾತ್ರೆ ಹೊಟ್ಟೆ ಕಟ್ಟುತ್ತದೆಂದು ಕಪಾಟಿನಲ್ಲೇ ಉಳಿಯುವುದನ್ನು ನೋಡಿದ್ದೇನೆ. ಚಹಾ, ಹಾಲಿನ ಜೊತೆ ನುಂಗದೆ ಲಿಂಬೆ ಪಾನಕದೊಂದಿಗೆ ನುಂಗಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ, ಸೊಪ್ಪು ಮತ್ತು ನೀರು ಹೆಚ್ಚಿಸಿದರೆ ಮಲಬದ್ಧತೆ ಕಡಿಮೆಯಾಗುತ್ತದೆ. ಎರಡು ಜೀವಕ್ಕೆ ಉಣ್ಣಬೇಕೆಂದು ತಟ್ಟೆ ತುಂಬಿಸುವುದೂ ಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ ಬಸುರಿಗೆ ದಿನಕ್ಕೆ ಬೇಕಾದ ಹೆಚ್ಚಿನ ಆಹಾರ ಸುಮಾರು 350 ಕಿಲೋಕ್ಯಾಲೊರಿ ಮಾತ್ರ. ಎದೆಯುರಿ ಇರುವವಳಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸುವುದಕ್ಕಿಂತ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದು ಮತ್ತು ಉಂಡ ಕೂಡಲೇ ಮಲಗದಂತೆ ನೋಡಿಕೊಳ್ಳುವುದು ನಿಜವಾದ ಉಪಚಾರ.

ಮೂರು ತಿಂಗಳು ಹೇಳಬಾರದೆಂಬ ಮಾತಿನ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಗೊತ್ತಾದ ಬಸುರುಗಳಲ್ಲಿ ಸುಮಾರು ಶೇ 10ರಿಂದ 20ರಷ್ಟು ಇಳಿದುಹೋಗುತ್ತವೆ, ಅದರಲ್ಲಿ ಹೆಚ್ಚಿನವು ಮೊದಲ ಹನ್ನೆರಡು ವಾರಗಳಲ್ಲೇ. ಎಲ್ಲರಿಗೂ ಸಿಹಿ ಹಂಚಿ ಆಮೇಲೆ ಎಲ್ಲರೆದುರು ಅಳಬೇಕಾಗಿ ಬರುವುದನ್ನು ತಪ್ಪಿಸಲು ಹಿರಿಯರು ಈ ಬೇಲಿ ಹಾಕಿರಬೇಕು. ಆದರೆ ಹೇಳದೆ ಉಳಿದವಳ ಗರ್ಭ ಇಳಿದರೆ ಅವಳ ದುಃಖಕ್ಕೆ ಯಾರು ಪಾಲುದಾರರು? ನಮ್ಮ ಬಳಗದಲ್ಲೇ ಒಬ್ಬಳು ಹೀಗೆ ಕಳೆದುಕೊಂಡ ಮೂರನೆಯ ದಿನ ಶ್ರಾದ್ಧದ ಅಡುಗೆಗೆ ನಿಂತಳು, ಏಕೆಂದರೆ ಅಲ್ಲಿ ಬಂದವರಾರಿಗೂ ಅವಳು ಬಸುರಿಯಾಗಿದ್ದದ್ದೇ ಗೊತ್ತಿರಲಿಲ್ಲ. ಊರಿಗೆಲ್ಲ ಸಾರಬೇಕೆಂದು ನಾನು ಹೇಳುತ್ತಿಲ್ಲ. ಅಕ್ಕಪಕ್ಕದ ಮೂರು ನಾಲ್ಕು ಹೆಂಗಸರಿಗಾದರೂ ಗೊತ್ತಿರಲಿ, ಒಗ್ಗರಣೆ ಹಾಕುವ ಕೆಲಸವೊಂದನ್ನಾದರೂ ಅವಳ ಕೈಯಿಂದ ತೆಗೆದುಕೊಳ್ಳುವವರು ಇರಲಿ.

ಇದಕ್ಕೆ ಬೇಕಾದ ಏರ್ಪಾಡು ನಮ್ಮಲ್ಲಿ ಮೊದಲಿನಿಂದಲೂ ಇದೆ. ಅಡಿಕೆ ಕೊಯ್ಲಿನಲ್ಲಿ ಇಂದು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು ಎಂದು ಮುಯ್ಯಾಳಿಗೆ ಹೋಗುವ ಜನ ನಾವು. ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕೂತು ಅಡಿಕೆ ಸುಲಿಯುವ ಬಸುರಿಗೆ ಸೊಂಟ ಹಿಡಿಯುತ್ತದೆ, ನಡುರಾತ್ರಿ ಮೀನಖಂಡ ಸೆಟೆದುಕೊಂಡು ಎಚ್ಚರವಾಗುತ್ತದೆ. 2017ರ ತಿದ್ದುಪಡಿಯಿಂದ ಬಂದ 26 ವಾರಗಳ ಹೆರಿಗೆ ರಜೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳ ನೌಕರರಿಗೆ ಮಾತ್ರ. ಅದು ನನಗೆ ಸಿಕ್ಕಿತು, ತಂಗಿಗೆ ಸಿಗಲಿಲ್ಲ, ಕಾರವಾರದ ಮಾರುಕಟ್ಟೆಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವವಳಿಗೂ ಸಿಗುವುದಿಲ್ಲ. ಅವರಿಗೆ ಮುಯ್ಯಾಳೇ ರಜೆ. ಗಂಡಸರಿಗೂ ಇದರಲ್ಲಿ ಪಾಲಿದೆ. ಇಲ್ಲಿ ಬೇರೆ ದಾರಿಯಿಲ್ಲದೆ ನನ್ನವರು ಬೆಳಗಿನ ತಿಂಡಿ ಮಾಡಲು ಕಲಿತರು. ಊರಿನಲ್ಲಿ ತೋಟಕ್ಕೆ ಔಷಧಿ ಹೊಡೆಯುವ ಮಿಶ್ರಣದ ಪ್ರಮಾಣವನ್ನು ಬಾಯಿಪಾಠ ಹೇಳುವ ಗಂಡನಿಗೆ ಹೆಂಡತಿಯ ಹಿಮೋಗ್ಲೋಬಿನ್ ಎಷ್ಟೆಂದು ಗೊತ್ತಿರುವುದಿಲ್ಲ.

ಹೇಳಿಕೊಳ್ಳುವ ಅಭ್ಯಾಸ ಇನ್ನೊಂದು ಕಾರಣಕ್ಕೂ ಬೇಕು. ‘ಇದೆಲ್ಲ ಸಹಜ, ನಾವೂ ಹೆತ್ತಿಲ್ಲವೇ’ ಎಂಬ ಮಾತು ಕಾಲಿನ ಸಣ್ಣ ಊತಕ್ಕೆ ಸರಿ. ಮುಖ ಮತ್ತು ಕೈ ಊದಿಕೊಂಡು, ತಲೆನೋವು ಬಿಡದೆ, ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿದ ಸೂಚನೆಯಿರಬಹುದು. ಗುಟುಕು ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ, ರಕ್ತ ಕಂಡರೆ, ಮಗುವಿನ ಚಲನೆ ತಗ್ಗಿದರೆ ಬೆಳಗಾಗಲೆಂದು ಕಾಯಬಾರದು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ತೊಡಕಿನ ಹೆರಿಗೆಗಳಿಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಗೋವೆಯ ದಾರಿ ಹಿಡಿಯುತ್ತಲೇ ಇದ್ದಾರೆ. ಅಷ್ಟು ದೂರದ ದಾರಿಯಲ್ಲಿ ಒಂದು ರಾತ್ರಿ ಮೊದಲು ಹೊರಡುವುದು ದೊಡ್ಡ ವ್ಯತ್ಯಾಸ, ಮತ್ತು ಮೊದಲ ತಿಂಗಳಿನಿಂದ ‘ಹೇಗಿದ್ದೀಯೆ’ ಎಂದು ಕೇಳಿಸಿಕೊಂಡು ಬಂದವಳು ಆ ರಾತ್ರಿಯೂ ಸಂಕೋಚವಿಲ್ಲದೆ ಹೇಳುತ್ತಾಳೆ.

ತಂಗಿಯ ಪಕ್ಕದ ಮನೆಯ ಸೊಸೆಗೆ ಈಗ ಮೂರನೆಯ ತಿಂಗಳು ನಡೆಯುತ್ತಿದೆ. ತಂಗಿಯ ಅತ್ತೆಯೇ ಮೊದಲು ಹೋಗಿ ಮಾತಾಡಿಸಿದರು. ಬೆಳಗಿನ ತೆಳ್ಳೇವು (ತೆಳು ದೋಸೆ) ಎರಡೂ ಮನೆಗೆ ಸೇರಿ ತಂಗಿಯ ಮನೆಯಲ್ಲೇ ಆಗುತ್ತಿದೆ. ಕೊಯ್ಲು ಬಂದಾಗ ಆ ಹುಡುಗಿಯ ಪಾಲಿನ ಅಡಿಕೆಯನ್ನು ಸರದಿಯ ಮೇಲೆ ಸುಲಿದುಕೊಡುವುದೆಂದು ಕೇರಿಯ ಹೆಂಗಸರು ಮಾತಾಡಿಕೊಂಡಿದ್ದಾರೆ.