ಸ್ಟೇಟ್ ಬ್ಯಾಂಕ್ ಮೇಳ

ಹಾರ್ನ್ ಒಂದು ವಾದ್ಯವೆಂದು ಒಪ್ಪಿಕೊಂಡದ್ದು ನಮ್ಮ ಸರ್ಕಾರವೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದನ್ನು ಓದಿ ನೋಡಿ: ಒಂದರ ಹಿಂದೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನ್ ಆಂಬುಲೆನ್ಸ್, ಪೊಲೀಸ್ ಗಾಡಿಗಳಂಥವನ್ನು ಬಿಟ್ಟರೆ ಯಾವ ವಾಹನದಲ್ಲಿಯೂ ಇರಕೂಡದು. ಸ್ವರಗಳು ಹಾಗೆ ಸಾಲಾಗಿ ಬಂದರೆ ನಾವು ಅದನ್ನು ರಾಗ ಎನ್ನುತ್ತೇವೆ. ಕಾನೂನು ಬೇಡವೆಂದ ಆ ರಾಗವನ್ನು ಮಂಗಳೂರಿನ ಸಿಟಿ ಬಸ್ಸುಗಳು ಗುಟ್ಟಾಗಿ ಅಲ್ಲ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹಿಡಿದರೆ ಊರಿನ ಆಚೆ ಪಂಪ್‌ವೆಲ್ ವೃತ್ತದಲ್ಲಿ ಕೇಳುವಂತೆ ಉಳಿಸಿಕೊಂಡು ಬಂದಿವೆ.

1922ರ ನವೆಂಬರ್ 7ರಂದು ಬಾಕು ನಗರದಲ್ಲಿ ಅರ್ಸೇನಿ ಅವ್ರಾಮೋವ್ ಎಂಬ ರಷ್ಯಾದ ಸಂಗೀತ ರಚನಕಾರ ಕಾರ್ಖಾನೆಯ ಸೈರನ್, ಹಡಗಿನ ಕೂಗು, ಫಿರಂಗಿ ಎಲ್ಲವನ್ನೂ ಕೂಡಿಸಿ ಊರಿಗೆ ಊರನ್ನೇ ವಾದ್ಯ ಮಾಡಿದ. ಬಾವುಟ ಬೀಸಿ ಸನ್ನೆ ಕೊಡಬೇಕಾಯಿತಂತೆ, ಪಾಪ. ನಮ್ಮ ಕಂಡಕ್ಟರಿಗೆ ಬಾವುಟ ಬೇಡ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ತಗಡಿಗೆ ಎರಡು ಪೆಟ್ಟು, ಒಂದು ಸೀಟಿ, "ರೈಟ್, ಪೋಯಿ!" ಮೇಳ ಹೊರಟಿತು. ಯಕ್ಷಗಾನದ ಒಡ್ಡೋಲಗ, ಪೀಠಿಕೆ ಏನೂ ಇಲ್ಲ, ನೇರ ಯುದ್ಧದ ಏರುಪದ್ಯ. ಮುಂದಿನ ಬಸ್ಸಿಗೂ ಇದಕ್ಕೂ ಕೆಲವೇ ನಿಮಿಷದ ಟೈಮಿಂಗ್. ಸ್ಟಾಪಿನಲ್ಲಿ ನಿಂತವರು ಯಾರ ಕಲೆಕ್ಷನ್ನಿಗೆ ಸೇರಬೇಕು ಎಂಬುದೇ ಪ್ರಸಂಗ. ಕಿಟಕಿಯ ಸಡಿಲ ಗಾಜುಗಳದ್ದು ಚೆಂಡೆ. ಸಂಗೀತ ರಚನಕಾರ ಲಿಗೆಟಿ 1962ರಲ್ಲಿ ರಚಿಸಿದ ಕೃತಿಯಲ್ಲಿ ಕೀಲಿ ಕೊಟ್ಟ 100 ಮೆಟ್ರೋನೋಮ್‌ಗಳು, ಅಂದರೆ ಟಿಕ್ ಟಿಕ್ ಎಂದು ಲಯ ಹಿಡಿಯುವ ಯಂತ್ರಗಳು, ಒಂದೊಂದಾಗಿ ಸುಸ್ತಾಗಿ ನಿಲ್ಲುತ್ತವೆ. ನಮ್ಮ ಗಾಜುಗಳಿಗೆ ಸುಸ್ತು ಎಂಬುದಿಲ್ಲ.

ಮೌನದ ಪ್ರಯೋಗವೂ ನಮ್ಮಲ್ಲಿ ಇಲ್ಲದಿಲ್ಲ. 1952ರಲ್ಲಿ ಡೇವಿಡ್ ಟ್ಯೂಡರ್ ಪಿಯಾನೋ ಮುಂದೆ 4 ನಿಮಿಷ 33 ಸೆಕೆಂಡು ಕುಳಿತು ಒಂದು ಸ್ವರವನ್ನೂ ನುಡಿಸದೆ ಎದ್ದ. ಸುತ್ತಲಿನ ಸದ್ದನ್ನೇ ಕೇಳಿ ಎಂಬುದು ರಚಿಸಿದ ಜಾನ್ ಕೇಜ್‌ನ ಆಶಯ. ಗೇಲಿ ಮಾಡುವವರು ಮಾಡಲಿ, ಅಷ್ಟು ಹೊತ್ತು ಸುಮ್ಮನಿರಬಲ್ಲವರ ಬಗ್ಗೆ ನನಗಂತೂ ಗೌರವವಿದೆ. ಅಂಥದ್ದಕ್ಕೆ ನಮ್ಮ ಸರ್ಕಾರ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಜಾಗವನ್ನೇ ಕಾದಿರಿಸಿದೆ: ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್, ಹಗಲಿನಲ್ಲಿ 50 ಡೆಸಿಬಲ್. ನಾನು ದಿನವೂ ಹಾಯುವ ಆಸ್ಪತ್ರೆಯ ಗೋಡೆಯ ಬಳಿ ಬೋರ್ಡೂ ಇದೆ. ಕಪ್ಪು ಹಾರ್ನಿನ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ನಾಲ್ಕಾರು ಮಳೆಗಾಲ ಕಳೆದು ಕೆಂಪು ಪೂರ್ತಿ ಮಾಸಿದೆ. ಈಗ ಉಳಿದಿರುವುದು ಹಾರ್ನ್ ಮಾತ್ರ. ಚಾಲಕರು ಅದನ್ನು ಆಜ್ಞೆ ಎಂದೇ ಓದುತ್ತಾರೆ.

ಮೊನ್ನೆ ಆ ಬೋರ್ಡಿನ ಎದುರು ರಸ್ತೆ ಖಾಲಿ ಇತ್ತು. ಆದರೂ ಹಾರ್ನ್ ನಿಲ್ಲಲಿಲ್ಲ. ಮಡಿಲಲ್ಲಿ ಮಲ್ಲಿಗೆಯ ಅಟ್ಟೆ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ಕೇಳಿಯೇ ಬಿಟ್ಟರು, "ಮುಂದೆ ಯಾರೂ ಇಲ್ಲವಲ್ಲ ಮಾರಾಯ, ಯಾರಿಗೆ ಹಾರ್ನ್?"

"ಹಿಂದಿನ ಬಸ್ಸಿನವನಿಗೆ ಅಜ್ಜಿ. ನಾವು ಮುಂದಿದ್ದೇವೆ ಎಂದು ಗೊತ್ತಾಗಬೇಕಲ್ಲ" ಎಂದರು ಕಂಡಕ್ಟರ್.

ಅದೇ ಹೊತ್ತಿಗೆ ನಾನು ಟಿಕೆಟಿನ ಬಾಕಿ ಚಿಲ್ಲರೆ ಕೇಳಿದೆ. ಅದು ಮಾತ್ರ ಅವರಿಗೆ ಕೇಳಿಸಲಿಲ್ಲ.